ಗ್ರೈಂಡರಿಗೆ ಗರಗಸದ ಬ್ಲೇಡು ಸಲ್ಲದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಣಬೆ ರೋಗದಿಂದಲೂ ಅನಾವೃಷ್ಟಿಯಿಂದಲೂ ಒಣಗಿದ ತೆಂಗಿನ ಮರಗಳನ್ನು ಕಡಿಸಿ, ಕಾಂಡವನ್ನು ಕೊಟ್ಟಿಗೆಯ ಜಂತೆಗೂ ಕೊಬ್ಬರಿ ಅಟ್ಟದ ದುರಸ್ತಿಗೂ ಉಪಯೋಗಿಸುವುದು ಮಿತವ್ಯಯದ ಕ್ರಮವೇ ಸರಿ. ಆದರೆ ಈ ಕೆಲಸಕ್ಕಾಗಿ, ಕಬ್ಬಿಣ ಉಜ್ಜುವ 4 ಅಂಗುಲದ ಕೈಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ತೊಡಿಸುವ ರೂಢಿಯು ಕಂಡುಬರುತ್ತಿರುವುದು ಶೋಚನೀಯವು. ತೋಟಗಳ ಯಜಮಾನರು ಇದನ್ನು ಖಂಡಿತವಾಗಿ ನಿಲ್ಲಿಸತಕ್ಕದ್ದೆಂದು ನನ್ನ ಅಭಿಪ್ರಾಯ.

ಇಂಥಾ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 7 ಅಂಗುಲದ ವಿದ್ಯುತ್ ಗರಗಸವಾದರೋ 5,000ದಿಂದ 6,000. ಹಲ್ಲು ಮರದಲ್ಲಿ ಸಿಕ್ಕಿಕೊಂಡ ಕ್ಷಣದಲ್ಲೇ ಯಂತ್ರವು ಹಿಡಿದವನ ಕಡೆಗೆ ಚಿಮ್ಮೀತು. ಅನೇಕ ಗ್ರೈಂಡರುಗಳ ಸ್ವಿಚ್ಚು ಕೈಬಿಟ್ಟರೂ ಆರುವುದಿಲ್ಲವಾದುದರಿಂದ, ಕೈಜಾರಿದ ಯಂತ್ರವು ತಿರುಗುತ್ತಲೇ ಇರುತ್ತದೆ. ದೊಡ್ಡ ಬ್ಲೇಡು ಹಿಡಿಸಲೆಂದು ರಕ್ಷಾಕವಚವನ್ನು ಕಳಚಿದ್ದರಂತೂ ಬೆರಳಿಗೂ ತೊಡೆಗೂ ಯಾವ ಮರೆಯೂ ಇಲ್ಲ.

ತೆಂಗಿನ ಮರದ ಗುಣವೂ ಅಪಾಯವನ್ನು ಹೆಚ್ಚಿಸುತ್ತದೆ. ತೇಗ, ಹೊನ್ನೆಗಳಲ್ಲಿ ಒಳಗಿನ ಚೇಗು ಗಟ್ಟಿ. ತೆಂಗಿನಲ್ಲಿ ಹೊರಸುತ್ತೇ ಗಟ್ಟಿ, ನಡುವು ಮೆದು. ಬಲಿತ ಮರದ ಹೊರಸುತ್ತು ಒಣಗಿದ ಮೇಲೂ ಘನ ಮೀಟರಿಗೆ 600 ಕಿಲೋಗ್ರಾಮಿಗೆ ಮೀರಿ ತೂಗುತ್ತದೆ. ಸಾಧಾರಣ ಉಕ್ಕಿನ ಹಲ್ಲು ಅದರಲ್ಲಿ ಬೇಗನೆ ಮೊಂಡಾಗುತ್ತದೆ. ಮೊಂಡಾದುದನ್ನು ಆಳು ಬಲದಿಂದ ಒತ್ತುತ್ತಾನೆ. ಒತ್ತಿದಾಗಲೇ ಅದು ಸಿಕ್ಕಿಕೊಳ್ಳುವುದು. ಆದಕಾರಣ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಬ್ಲೇಡನ್ನು ಕೊಳ್ಳುವುದು ಯುಕ್ತ, ಅದೂ ವಿದ್ಯುತ್ ಗರಗಸಕ್ಕೆ ಮಾತ್ರ.

ಬ್ಲೇಡಿನ ಮೇಲೆ ಅಚ್ಚಾದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಕಡಮೆಯಾಗಿರಕೂಡದು. ನಡುವಣ ರಂಧ್ರವು ಸರಿಯಾಗಿ ಹೊಂದಬೇಕು. ಬಾಣದ ಗುರುತು ಕವಚದ ಬಾಣದ ದಿಕ್ಕಿಗೇ ಇರಬೇಕು. ಬ್ಲೇಡು ಬದಲಾಯಿಸುವ ಮುನ್ನ ಪ್ಲಗ್ಗನ್ನು ಕಿತ್ತಿಡತಕ್ಕದ್ದು. ದಿಮ್ಮಿಯ ಎರಡು ತುದಿಗಳಿಗೆ ಮಾತ್ರ ಆಧಾರ ಕೊಟ್ಟು ನಡುವೆ ಕೊಯ್ದರೆ, ಕೊಯ್ತವು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ.

ಗ್ರೈಂಡರು ಅಗ್ಗ, ಹಗುರ, ಕೈಗೆ ಸಿಕ್ಕುವಂಥಾದ್ದು ಎಂಬ ವಾದವನ್ನು ಬಹಳ ಸಲ ಕೇಳಿದ್ದೇನೆ. ಆದರೆ ಬ್ಲೇಡನ್ನು ತಂದುಕೊಡುವವರು ಯಜಮಾನರು. ಬೆರಳು ಕಳೆದುಕೊಳ್ಳುವವನು ದಿನಗೂಲಿಯವನು, ನಾಳೆ ಅದೇ ಕೈಯಿಂದ ಕಾಯಿ ಸುಲಿಯಬೇಕಾದವನು. ಗರಗಸವನ್ನು ಒಬ್ಬರೇ ಕೊಳ್ಳಲಾರದವರು ನಾಲ್ಕಾರು ಮಂದಿ ಸೇರಿ ಕೊಳ್ಳಬಹುದು. ಅದೂ ಆಗದಿದ್ದಲ್ಲಿ ದಿಮ್ಮಿಯನ್ನು ಸಾಮಿಲ್ಲಿಗೆ ಕಳುಹಿಸಬಹುದು. ಮಳೆಗಾಲಕ್ಕೆ ಮುಂಚೆ ಅಟ್ಟಗಳ ದುರಸ್ತಿ ಆರಂಭವಾಗುವುದರೊಳಗಾಗಿ, ಗ್ರಾಮದ ಮುಖಂಡರು ತಮ್ಮ ತಮ್ಮ ಊರುಗಳಲ್ಲಿ ಗ್ರೈಂಡರುಗಳಿಗೆ ತೊಡಿಸಿರುವ ಹಲ್ಲಿನ ಬ್ಲೇಡುಗಳನ್ನು ಬಿಚ್ಚಿಸಬೇಕಾಗಿ ಕೋರುತ್ತೇನೆ.