ಮೀಟರು ಗೋಡೆ ಮೇಲೆ, ಬೀಗದ ಕೈ ಯಾರ ಕೈಲಿ?

ಬಲ್ಬು ಯಾವ ಕಂಪನಿಯದಾದರೂ ಹೋಲ್ಡರಿಗೆ ಕೂರುತ್ತೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಹಣ್ಣಿನಂಗಡಿಯವನು ಸಂಜೆ ಹೊತ್ತು ಬಲ್ಬು ಸುಟ್ಟುಹೋದರೆ ಹತ್ತಿರದ ಅಂಗಡಿಗೆ ಹೋಗಿ ‘ಒಂದು ಬಲ್ಬು ಕೊಡಿ’ ಅಂತಾನೆ. ಹೋಲ್ಡರು ಮಾಡಿದ ಕಂಪನಿಯ ವಿಳಾಸ ಹುಡುಕಿಕೊಂಡು ಹೋಗೋದಿಲ್ಲ. ಇದು ತಾನಾಗಿ ಆದದ್ದಲ್ಲ. ಅಳತೆ ಇಷ್ಟೇ ಇರಬೇಕು, ಪಿನ್ನು ಇಲ್ಲೇ ಬರಬೇಕು ಅಂತ ತಿಳಿದವರು ಕೂತು ಬರೆದರು, ಕಂಪನಿಗಳು ಒಪ್ಪಿ ನಡೆದವು. ಅದಕ್ಕೇ ಆಯಿತು.

ಈಗ ಅದೇ ಪ್ರಶ್ನೆ ಗೋಡೆಯ ಮೇಲಿನ ಕರೆಂಟು ಮೀಟರಿಗೆ ಬಂದಿದೆ. ಸ್ಮಾರ್ಟ್ ಮೀಟರು ಬರೀ ಯೂನಿಟ್ ಎಣಿಸುವ ಡಬ್ಬಿಯಲ್ಲ. ತಾನೇ ಲೆಕ್ಕ ಕಳಿಸುತ್ತೆ, ಕಚೇರಿಯಿಂದ ಬಂದ ಹುಕುಂ ಕೇಳುತ್ತೆ, ಬೇಕೆಂದರೆ ಕರೆಂಟು ಕಡಿದುಹಾಕುತ್ತೆ. ಆದರೆ ಒಂದು ಕಂಪನಿಯ ಮೀಟರು ಇನ್ನೊಂದು ಕಂಪನಿಯ ಕಂಪ್ಯೂಟರಿನೊಡನೆ ಮಾತಾಡುತ್ತದೆಯೇ? ಕೇಳೋಕೆ ಚಿಕ್ಕ ಪ್ರಶ್ನೆ. ಇದರ ಮೇಲೇ ಮುಂದಿನ ಹತ್ತು ವರ್ಷದ ಬಿಲ್ಲು ನಿಂತಿದೆ.

ಬೆಲೆಯ ಜಗಳ

ಬೆಸ್ಕಾಂ 2025ರ ಫೆಬ್ರುವರಿ 15ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯ ಮಾಡಿತು. ಸಿಂಗಲ್ ಫೇಸ್ ಮೀಟರಿನ ಬೆಲೆ ಹೆಚ್ಚು ಕಡಿಮೆ 5,000 ರೂಪಾಯಿ. ಕಟ್ಟಬೇಕಾದವರು ಗ್ರಾಹಕರೇ. ಹಳೆಯ ಮೀಟರಿನ ಬೆಲೆ ಕಂಡವರು ಹೌಹಾರಿದರು. ವಿರೋಧ ಪಕ್ಷದವರು ಗದ್ದಲ ಎಬ್ಬಿಸಿದರು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಬೆಲೆ ಕೇಳಬೇಕಾದದ್ದೇ. ಆದರೆ ಬೆಲೆ ಒಂದು ಸಲ ಕೊಟ್ಟು ಮುಗಿಯುವ ಲೆಕ್ಕ. ಒಂದೇ ಕಂಪನಿಯ ಕೈಗೆ ಸಿಕ್ಕಿಬಿದ್ದರೆ ಆಗುವ ಖರ್ಚು ವರ್ಷ ವರ್ಷವೂ ಬರುತ್ತೆ. ಗದ್ದಲದ ನಡುವೆ ಆ ಮಾತು ಎದ್ದದ್ದು ಕಡಿಮೆ.

ಸೇರು, ಮಣದ ಕಾಲ

ಸಂತೆಪೇಟೆಯ ಹಳೆಯ ವ್ಯಾಪಾರಿಗಳ ಮನೆಯಲ್ಲಿ ಕೇಳಿದರೆ ಗೊತ್ತಾಗುತ್ತೆ. ಒಂದು ಕಾಲಕ್ಕೆ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯಲ್ಲಿ ಸೇರಲ್ಲ, ಇಲ್ಲಿನ ಮಣ ಅಲ್ಲಿ ಮಣವಲ್ಲ. ಲೆಕ್ಕ ಹೊಂದಿಸುವ ದಲ್ಲಾಳಿಗೆ ಸುಗ್ಗಿ. 1956ರಲ್ಲಿ ತೂಕ ಅಳತೆಯ ಕಾನೂನು ಬಂತು, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋ ಬಂತು. ಕಲ್ಲು ಎಲ್ಲ ಕಡೆ ಒಂದೇ ಆದ ಮೇಲೆ ಆ ಸುಗ್ಗಿ ನಿಂತಿತು.

ಎಲೆಕ್ಟ್ರಾನಿಕ್ ಮೀಟರು ಬಂದ ಹೊಸತರಲ್ಲಿ ದೇಶದ ವಿದ್ಯುತ್ ಮಂಡಳಿಗಳ ಪಾಡು ಇದೇ ಸೇರು, ಮಣದ ಪಾಡು. ಪ್ರತಿ ಕಂಪನಿಯ ಮೀಟರಿಗೂ ಅದರದೇ ಗುಟ್ಟಿನ ಭಾಷೆ. ಒಂದನ್ನು ಓದುವ ಯಂತ್ರ ಇನ್ನೊಂದನ್ನು ಓದದು. ಹತ್ತು ಕಂಪನಿಯ ಮೀಟರು ಕೊಂಡರೆ ಹತ್ತು ಬಗೆಯ ತಂತ್ರಾಂಶ ಸಾಕಬೇಕು.

ಇದಕ್ಕೆ ಮದ್ದು ಅಂತ ಭಾರತೀಯ ಮಾನಕ ಸಂಸ್ಥೆ 2011ರಲ್ಲಿ ಐಎಸ್ 15959 ಎಂಬ ಮಾನಕ ತಂದಿತು. ಬೇರೆ ದೇಶಗಳಲ್ಲಿ ಆಗಲೇ ನಡೆಯುತ್ತಿದ್ದ ‘ಡಿಎಲ್‌ಎಂಎಸ್’ ಎಂಬ ಮೀಟರು ಭಾಷೆಯನ್ನೇ ಇಲ್ಲಿನ ಅಗತ್ಯಕ್ಕೆ ಹೊಂದಿಸಿದ್ದು ಅದು. ಸ್ಮಾರ್ಟ್ ಮೀಟರಿಗೆಂದೇ ಐಎಸ್ 16444 ಬಂದದ್ದು 2015ರಲ್ಲಿ. ಅದರ ಮಾತುಕತೆಯ ನಿಯಮ, ಅಂದರೆ 15959ರ ಎರಡನೇ ಭಾಗ, ಬಂದದ್ದು 2016ರಲ್ಲಿ.

ಇದರ ಒಳಗುಟ್ಟು ಸರಳ. ಮೀಟರಿನೊಳಗಿನ ಪ್ರತಿ ಲೆಕ್ಕಕ್ಕೂ ಮನೆ ನಂಬರಿನಂತೆ ಒಂದು ನಂಬರು. 1.0.1.8.0.255 ಅಂದರೆ ಈವರೆಗೆ ಉರಿಸಿದ ಒಟ್ಟು ಯೂನಿಟ್. 1.0.12.7.0.255 ಅಂದರೆ ಈ ಗಳಿಗೆಯ ವೋಲ್ಟೇಜು. ಕಚೇರಿಯ ಕಂಪ್ಯೂಟರು ನಂಬರು ಕೇಳಿದರೆ ಸಾಕು, ಮೀಟರು ಯಾರದೇ ಇರಲಿ, ಅದೇ ಲೆಕ್ಕ ಕೊಡಬೇಕು. ಮೀಟರು ಈ ಭಾಷೆಯನ್ನು ನೆಟ್ಟಗೆ ಆಡುತ್ತದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವ ಜಾಗ ದೂರವೇನಿಲ್ಲ. ಬೆಂಗಳೂರಿನ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲೇ ಇದೆ.

ಮೈಸೂರಿನ ಪಾಲು

ಮೈಸೂರಿಗೆ ಈ ಸಂಗತಿ ಹೊಸದಲ್ಲ. ಕೇಂದ್ರ ಇಂಧನ ಸಚಿವಾಲಯ ದೇಶದಲ್ಲಿ ಸ್ಮಾರ್ಟ್ ಗ್ರಿಡ್ ಪ್ರಯೋಗಕ್ಕೆ ಆರಿಸಿದ 14 ಯೋಜನೆಗಳಲ್ಲಿ ಒಂದು ಇಲ್ಲಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ವಿ.ವಿ. ಮೊಹಲ್ಲಾ ಕಡೆಯ ಸುಮಾರು 22 ಸಾವಿರ ಗ್ರಾಹಕರು ಅದರ ವ್ಯಾಪ್ತಿಗೆ ಬಂದರು. ಈ ಪ್ರಯೋಗಗಳನ್ನು ಆರಿಸಿದಾಗ ಐಎಸ್ 16444 ಇನ್ನೂ ಹುಟ್ಟಿಯೇ ಇರಲಿಲ್ಲ. ಅಂದರೆ ಹೋಲ್ಡರಿನ ಅಳತೆ ಗೊತ್ತಾಗುವ ಮುಂಚೆಯೇ ಬಲ್ಬಿಗೆ ಆರ್ಡರು ಕೊಟ್ಟ ಹಾಗೆ. ಪ್ರಯೋಗ ಅಂದಮೇಲೆ ಅದು ಕ್ಷಮ್ಯ. 22 ಸಾವಿರದಲ್ಲಿ ಕಲಿತದ್ದನ್ನು ಕೋಟಿಗಟ್ಟಲೆ ಮೀಟರು ಹಾಕುವಾಗ ಮರೆತರೆ ಮಾತ್ರ ಕ್ಷಮ್ಯವಲ್ಲ.

ಕೋಟಿ ಅನ್ನೋದು ಬಾಯಿಮಾತಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ವಿತರಣಾ ಕ್ಷೇತ್ರದ ಯೋಜನೆಯ ಗುರಿ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರು. ಆ ಯೋಜನೆಗೆ ಸೇರಿದ ರಾಜ್ಯಗಳಲ್ಲಿ ಖಾಸಗಿ ಕಂಪನಿಯೇ ಬಂಡವಾಳ ಹಾಕಿ, ಮೀಟರು ಕೂರಿಸಿ, ವರ್ಷಗಟ್ಟಲೆ ನಡೆಸಿ, ಮೀಟರಿಗೆ ತಿಂಗಳಿಗಿಷ್ಟು ಅಂತ ಹಣ ಪಡೆಯುತ್ತೆ. ಆ ಕಂಪನಿ ಹೊರಟುಹೋದ ಮರುದಿನ ಮೀಟರುಗಳ ಗತಿಯೇನು? ಮಾನಕದ ನಿಜವಾದ ಪರೀಕ್ಷೆ ಆವತ್ತು.

ಭಾಷೆ ಒಂದಾದರೆ ಸಾಲದು

ಐಎಸ್ ಗುರುತಿದ್ದರೆ ಆಯಿತಲ್ಲ, ಇನ್ನೇನು ಗೋಳು ಅಂತ ಅನ್ನಬಹುದು. ಗೋಳು ಇರೋದು ದಾರಿಯಲ್ಲಿ. ಮೀಟರಿನ ಭಾಷೆ ಒಂದಾಯಿತು. ಆ ಮಾತು ಕಚೇರಿಗೆ ಹೋಗುವ ದಾರಿ ಒಂದಾಗಿಲ್ಲ. ಮೊಬೈಲಿನಂತೆ ಸಿಮ್ ಹಾಕಿ ಕಳಿಸೋದು ಒಂದು ದಾರಿ. ರೇಡಿಯೋ ಅಲೆಯಲ್ಲಿ ಒಂದು ಮೀಟರಿನಿಂದ ಪಕ್ಕದ ಮೀಟರಿಗೆ ದಾಟಿಸುತ್ತಾ, ಕಂಬದ ಮೇಲಿನ ಪೆಟ್ಟಿಗೆಗೆ ಮುಟ್ಟಿಸೋದು ಇನ್ನೊಂದು ದಾರಿ. ಈ ಎರಡನೆಯದರಲ್ಲಿ ಪ್ರತಿ ಕಂಪನಿಗೂ ತನ್ನದೇ ಕಟ್ಟುಪಾಡು. ಒಂದು ಬೀದಿಯಲ್ಲಿ ‘ಎ’ ಕಂಪನಿಯ ರೇಡಿಯೋ ಜಾಲ ಕೂತರೆ, ‘ಬಿ’ ಕಂಪನಿಯ ಮೀಟರು ಆ ಬೀದಿಗೆ ಬರಬೇಕಾದರೆ ‘ಎ’ಯ ಕಾರ್ಡನ್ನೇ ಹಾಕಿಕೊಂಡು ಬರಬೇಕು. ಕಾರ್ಡಿನ ಬೆಲೆ? ‘ಎ’ ಹೇಳಿದ್ದು.

ಮಾನಕದಲ್ಲೂ ಇಲ್ಲಿ ಸಡಿಲ ಇದೆ. ಸಂಪರ್ಕದ ಕಾರ್ಡು ಕಳಚಿ ಹಾಕುವಂತಿದ್ದರೂ ಆಯಿತು, ಒಳಗೇ ಕೂತಿದ್ದರೂ ಆಯಿತು ಅಂತ ಎರಡಕ್ಕೂ ಬಾಗಿಲು ತೆರೆದಿಟ್ಟಿದೆ. ಒಳಗೇ ಕೂತಿದ್ದರೆ, ಕಾರ್ಡು ಹಳತಾದ ದಿನ ಮೀಟರನ್ನೇ ಕಿತ್ತು ಹಾಕಬೇಕು.

ಇನ್ನೊಂದು, ಬೀಗದ ಕೈ. ಮೀಟರಿನ ಮಾತು ಕಳ್ಳರ ಕಿವಿಗೆ ಬೀಳಬಾರದು ಅಂತ ಅದನ್ನು ಗುಪ್ತಲಿಪಿಯಲ್ಲಿ ಕಳಿಸುತ್ತಾರೆ. ಇದು ಬೇಕಾದದ್ದೇ. ಆದರೆ ಆ ಲಿಪಿ ಬಿಚ್ಚುವ ಕೀಲಿ ನಿಗಮದ ಬೀರುವಿನಲ್ಲಿದೆಯೋ, ಕಂಪನಿಯ ಬೀರುವಿನಲ್ಲಿದೆಯೋ? ಕಂಪನಿಯಲ್ಲಿದ್ದರೆ ಭಾಷೆ ಒಂದೇ ಆಗಿದ್ದೂ ಉಪಯೋಗವಿಲ್ಲ.

ಬ್ರಿಟನ್ನಿನ ಪಾಠ

ಬ್ರಿಟನ್ನಿನಲ್ಲಿ ಮನೆಯವರು ತಮಗೆ ಬೇಕಾದ ಕರೆಂಟು ಕಂಪನಿಯನ್ನು ಆರಿಸಿಕೊಳ್ಳಬಹುದು. ಅಗ್ಗವಾಗಿ ಕೊಡುವವರ ಕಡೆ ವಾಲುವುದು ಅಲ್ಲಿ ಮಾಮೂಲು. ಆದರೆ ಮೊದಲ ತಲೆಮಾರಿನ ಸ್ಮಾರ್ಟ್ ಮೀಟರುಗಳು ಹಾಕಿದ ಕಂಪನಿಯ ಜಾಲಕ್ಕೇ ಕಟ್ಟುಬಿದ್ದಿದ್ದವು. ಗ್ರಾಹಕ ಕಂಪನಿ ಬದಲಿಸಿದ, ಮೀಟರು ಮೂಗಿಯಾಯಿತು. ಯೂನಿಟ್ ಎಣಿಸುತ್ತೆ, ಲೆಕ್ಕ ಕಳಿಸದು. ಹೀಗೆ ಕಂಪನಿ ಬದಲಾದ ಕಡೆ ನೂರಕ್ಕೆ ಸುಮಾರು 70 ಮೀಟರು ಮೂಗಿಯಾಗುತ್ತಿವೆ ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕ ತಪಾಸಣಾ ಕಚೇರಿ 2018ರಲ್ಲಿ ಹೇಳಿತು. ಆಮೇಲೆ ಎರಡನೇ ತಲೆಮಾರಿನ ಮೀಟರು, ಎಲ್ಲರಿಗೂ ಒಂದೇ ಸಂಪರ್ಕ ಜಾಲ, ಹಳೆಯದನ್ನು ಆ ಜಾಲಕ್ಕೆ ಸೇರಿಸುವ ತೇಪೆ ಕೆಲಸ. ಖರ್ಚು ಕೊನೆಗೆ ಬಿಲ್ಲು ಕಟ್ಟುವವರ ತಲೆಗೇ.

ಇಲ್ಲಿ ಗ್ರಾಹಕನಿಗೆ ಆ ಆಯ್ಕೆ ಇಲ್ಲ. ಹಾಗಂತ ಪಾಠ ಬದಲಾಗೋದಿಲ್ಲ. ಕಂಪನಿ ಬದಲಿಸುವ ಸರದಿ ಇಲ್ಲಿ ನಿಗಮದ್ದು. ಅದು ಬದಲಿಸಲಾಗದೆ ಕೈಕಟ್ಟಿ ಕೂತರೆ, ಕಂಪನಿ ಕೇಳಿದ ಹಣ ಕೊಡಬೇಕು. ಆ ಹಣ ದರ ಏರಿಕೆಯ ರೂಪದಲ್ಲಿ ಅಂಗಡಿ ಬಾಗಿಲಿಗೆ ಬರುತ್ತೆ.

ಕತ್ತಲೆಯ ಲೆಕ್ಕವೂ ಇದೆ. 2020ರ ಆಗಸ್ಟ್ 12ರಂದು, ಕೃಷ್ಣ ಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶದಲ್ಲಿ ತಪ್ಪು ಹುಕುಂ ಒಂದು ಹೊರಟು ಲಕ್ಷಕ್ಕೂ ಮೀರಿದ ಸ್ಮಾರ್ಟ್ ಮೀಟರು ಗ್ರಾಹಕರ ಕರೆಂಟು ಒಮ್ಮೆಗೇ ಹೋಯಿತು. ಲೈನ್‌ಮನ್ ಕಂಬ ಹತ್ತಿ ಫ್ಯೂಸು ಕೀಳುವ ಕಾಲದಲ್ಲಿ ತಪ್ಪಾದರೆ ಒಂದು ಬೀದಿಗೆ ಕತ್ತಲೆ. ಈಗ ಊರಿಗೂರೇ ಕತ್ತಲೆ. ಪ್ರಿಪೇಯ್ಡ್ ಆದ ಕಡೆಯಂತೂ ಅಂಗಡಿಯವನು ದುಡ್ಡು ಕಟ್ಟಿದ್ದು ಮೀಟರಿಗೆ ತಿಳಿಯದಿದ್ದರೆ, ಐಸ್‌ಕ್ರೀಮು ಕರಗೋದು ಅವನ ಪೆಟ್ಟಿಗೆಯಲ್ಲೇ.

ಕೇಳಬೇಕಾದ ಮಾತು

ವಿದ್ಯುತ್ ದರ ನಿಗದಿ ಮಾಡುವ ಮುನ್ನ ನಿಯಂತ್ರಣ ಆಯೋಗ ಜನರ ಆಕ್ಷೇಪಣೆ ಕೇಳಲೇಬೇಕು. 2003ರ ವಿದ್ಯುತ್ ಕಾಯಿದೆಯಲ್ಲೇ ಅದಕ್ಕೆ ಅವಕಾಶ ಇದೆ. ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಯೂನಿಟ್ಟಿಗೆ ಎಷ್ಟು ಪೈಸೆ ಅಂತ ಮಾತ್ರ ಕೇಳುತ್ತಾರೆ. ಇನ್ನು ಮೇಲೆ ವ್ಯಾಪಾರಿ ಸಂಘಗಳು ಇನ್ನೂ ಮೂರು ಮಾತು ಕೇಳಬೇಕು. ಒಂದು, ಬೇರೆ ಕಂಪನಿಯ ಮೀಟರನ್ನು ಈಗಿರುವ ಕಂಪ್ಯೂಟರಿಗೆ ಜೋಡಿಸಿ ತೋರಿಸಿದ್ದಾರೆಯೇ? ಎರಡು, ಸಂಪರ್ಕದ ಕಾರ್ಡು ಕಳಚಿ ಬೇರೆ ಹಾಕಬಹುದೇ? ಮೂರು, ಗುತ್ತಿಗೆ ಮುಗಿದ ದಿನ ಕೀಲಿಗಳೆಲ್ಲ ನಿಗಮದ ಕೈಗೆ ಬರುತ್ತವೆ ಅಂತ ಕರಾರಿನಲ್ಲಿ ಬರೆದಿದೆಯೇ?

ಮೂರಕ್ಕೂ ‘ಹೌದು’ ಅಂದರೆ ಮೀಟರಿನ ಬೆಲೆಯ ಚೌಕಾಸಿಗೆ ಅರ್ಥವಿದೆ. ಒಂದಕ್ಕೆ ತಡವರಿಸಿದರೂ ಇವತ್ತು ಕಟ್ಟಿದ ಐದು ಸಾವಿರ ಮುಂಗಡ ಮಾತ್ರ, ಬಾಕಿ ಇನ್ನೂ ಇದೆ ಅಂತಲೇ ತಿಳಿಯಬೇಕು.