ಪುಸ್ತಕ ಬರೆದವರಿಗೆ ಶಾಲು, ಹಾರ ಅಷ್ಟೇನಾ? ಲೆಕ್ಕ ಯಾರು ಕೊಡ್ತಾರೆ?

ಅಂಗಡಿಗೆ ಮಾಲು ಹಾಕಿ ಹೋದವನು ತಿಂಗಳ ಕೊನೆಗೆ ಬಂದು ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ಕೇಳೇ ಕೇಳ್ತಾನೆ. ಅದನ್ನ ಯಾವ ಅಂಗಡಿಯವರೂ ತಪ್ಪು ತಿಳ್ಕೊಳ್ಳಲ್ಲ. ಅದೇ ಪ್ರಶ್ನೆಯನ್ನ ಪುಸ್ತಕ ಬರೆದವರು ಪ್ರಕಾಶಕರಿಗೆ ಕೇಳಿದ್ರೆ ಮಾತ್ರ 'ಸಾಹಿತಿಗೆ ದುಡ್ಡಿನ ಆಸೆ' ಅನ್ನೋ ಮಾತು ಬರುತ್ತೆ. ಸಮಸ್ಯೆ ಇರೋದೇ ಇಲ್ಲಿ.

ಛತ್ತೀಸ್‌ಗಢದ ಹಿಂದಿ ಲೇಖಕ ವಿನೋದ್ ಕುಮಾರ್ ಶುಕ್ಲ ಅವರ ಪ್ರಕರಣ ನೋಡಿ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೊಡ್ಡ ಹೆಸರು. ಅಂಥವರೇ 2022ರಲ್ಲಿ, ತಮ್ಮ ಪುಸ್ತಕಗಳಿಗೆ ವರ್ಷಕ್ಕೆ ಬರ್ತಿರೋ ರಾಯಲ್ಟಿ ಕೆಲವೇ ಸಾವಿರ ರೂಪಾಯಿ ಅಂತ ಬಹಿರಂಗವಾಗಿ ಹೇಳಿದ್ರು. ಪ್ರಕಾಶಕರು ತಮ್ಮ ಸ್ಪಷ್ಟನೆ ಕೊಟ್ಟರು. 2025ರಲ್ಲಿ ಅವರ ಒಂದು ಹಳೇ ಕಾದಂಬರಿಗೆ ಹೊಸ ಪ್ರಕಾಶಕರು ರಾಯಪುರದಲ್ಲಿ 30 ಲಕ್ಷ ರೂಪಾಯಿ ರಾಯಲ್ಟಿ ಚೆಕ್ ಕೊಟ್ಟರು. ಅಷ್ಟರಲ್ಲಿ ಅವರಿಗೆ ಜ್ಞಾನಪೀಠ ಘೋಷಣೆ ಆಗಿತ್ತು, ಮೊಬೈಲ್‌ನಲ್ಲಿ ಆ ಪುಸ್ತಕದ ಹೆಸರು ಓಡಾಡ್ತಿತ್ತು. ಹಾಗಾಗಿ ಹಳೇ ಲೆಕ್ಕ ಸುಳ್ಳೇ ಅಂತ ಈ ಒಂದು ಚೆಕ್ ನೋಡಿ ತೀರ್ಪು ಕೊಡೋಕಾಗಲ್ಲ. ಆದ್ರೆ ಒಂದು ಮಾತಂತೂ ನಿಜ: ಎಷ್ಟು ಪ್ರತಿ ಮಾರಾಟ ಆಯ್ತು ಅನ್ನೋದು ಲೇಖಕರ ಕೈಗೆ ಸಿಕ್ಕಾಗಲೇ ದುಡ್ಡಿನ ಮಾತು ಸ್ಪಷ್ಟ ಆಗೋದು.

ನಮ್ಮ ತೆರಿಗೆಯೂ ಇದರಲ್ಲಿದೆ

ಕನ್ನಡದ ಪರಿಸ್ಥಿತಿ ಇನ್ನೂ ಚಿಕ್ಕದು. ಒಂದು ಪುಸ್ತಕದ ಬೆಲೆ 200 ರೂಪಾಯಿ, ರಾಯಲ್ಟಿ ಶೇ 10 ಅಂತಿಟ್ಕೊಳ್ಳಿ. ಸಾವಿರ ಪ್ರತಿ ಪೂರ್ತಿ ಖರ್ಚಾದ್ರೆ ಲೇಖಕರಿಗೆ 20 ಸಾವಿರ. ಎರಡು-ಮೂರು ವರ್ಷದ ದುಡಿಮೆಗೆ ಅಷ್ಟು. ಅದೂ ಎಷ್ಟೋ ಸಲ 'ಗೌರವ ಪ್ರತಿ'ಗಳಲ್ಲೇ ಮುಗಿದುಹೋಗುತ್ತೆ.

ಪ್ರಕಾಶಕರ ಕಡೆಗೂ ಒಂದು ನ್ಯಾಯ ಇದೆ. ಕಾಗದ, ಮುದ್ರಣದ ಹಣ ಮೊದಲೇ ಕಟ್ಟಬೇಕು. ಅಂಗಡಿಗೆ ಕಮಿಷನ್ ಬಿಡಬೇಕು. ಅನೇಕರು ನಂಬಿಕೊಂಡಿರೋದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನ. ಖರೀದಿ ತಡ, ಬಿಲ್ ಇನ್ನೂ ತಡ ಅನ್ನೋದು ಅವರ ಹಳೇ ದೂರು. ಇಲ್ಲಿ ನಮಗೂ ಪಾಲಿದೆ. ನೀವು ಅಂಗಡಿ, ಮನೆಗೆ ಕಟ್ಟೋ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ತೆರಿಗೆಯ ಮೇಲೆ ಶೇ 6. ನಾವು ಹೊತ್ತಿಗೆ ಸರಿಯಾಗಿ ಕಟ್ಟಿದ ಹಣ ಪುಸ್ತಕ ಆಗಿ ಬರೋದು ತಡವಾದ್ರೆ, ಅದರ ಪೆಟ್ಟು ಕೊನೆಗೆ ಬೀಳೋದು ಬರೆದವರ ಮೇಲೆ.

ಸ್ವಂತ ಪ್ರಕಟಣೆ ಅಂದ್ರೆ ಯಾರ ಸ್ವಂತ?

'ಹಾಗಾದ್ರೆ ನಾನೇ ಹಾಕಿಸ್ತೀನಿ' ಅನ್ನೋದು ಈಗಿನ ದಾರಿ. ಇದೇನು ಹೊಸದಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನ ತಾವೇ ಹೊತ್ತು ಊರೂರು ಮಾರಿದವರು. ತೇಜಸ್ವಿ ತಮ್ಮದೇ ಪುಸ್ತಕ ಪ್ರಕಾಶನ ನಡೆಸಿದರು. ಆದ್ರೆ ಈಗ 'ನಿಮ್ಮ ಪುಸ್ತಕ ನಾವು ತರ್ತೀವಿ, ಇಷ್ಟು ಕಟ್ಟಿ' ಅನ್ನೋ ಪ್ಯಾಕೇಜ್‌ಗಳು ಬಂದಿವೆ. ಹಣ ಲೇಖಕರದ್ದು, ನಷ್ಟ ಲೇಖಕರದ್ದು. ಹಾಗಿದ್ದೂ ಕರಾರಿನಲ್ಲಿ ಹಕ್ಕು ಕಂಪನಿಗೆ ಅಂತ ಬರೆದಿದ್ರೆ ಅದು ಸ್ವಂತ ಪ್ರಕಟಣೆ ಹೇಗಾಯ್ತು? ಪ್ಯಾಕೇಜ್‌ನಲ್ಲಿ ಐಎಸ್‌ಬಿಎನ್‌ಗೆ ಅಂತ ಹಣ ಕೇಳಿದ್ರೂ ಹುಷಾರು. ನಮ್ಮ ದೇಶದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಈ ಸಂಖ್ಯೆಯನ್ನ ಉಚಿತವಾಗಿ ಕೊಡುತ್ತೆ, ಲೇಖಕರೇ ಅರ್ಜಿ ಹಾಕಬಹುದು. ಯುವಕರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆಯೂ ಇದೆ. ದುಡ್ಡು ಕಟ್ಟೋ ಮೊದಲು ಅದನ್ನ ವಿಚಾರಿಸಿ.

ಕಾನೂನು ಬರೆದವರ ಪರ ಇದೆ

1957ರ ಕೃತಿಸ್ವಾಮ್ಯ ಕಾಯ್ದೆ ನಾವಂದುಕೊಂಡಿದ್ದಕ್ಕಿಂತ ಗಟ್ಟಿ. ಬರೆದ ಕ್ಷಣದಿಂದ ಹಕ್ಕು ಬರೆದವರದ್ದು, ನೋಂದಣಿ ಕಡ್ಡಾಯ ಅಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಇರುತ್ತೆ, ಅಂದ್ರೆ ಮಕ್ಕಳಿಗೂ ಬರೋ ಆಸ್ತಿ ಇದು. ಹಕ್ಕನ್ನ ಬೇರೆಯವರಿಗೆ ಬರೆದುಕೊಡಬೇಕಾದ್ರೆ ಲಿಖಿತವಾಗಿ, ಸಹಿ ಹಾಕಿಯೇ ಕೊಡಬೇಕು, ಬಾಯಿಮಾತು ಸಾಲದು. ಎಷ್ಟು ವರ್ಷಕ್ಕೆ ಅಂತ ಪತ್ರದಲ್ಲಿ ಬರೆಯದಿದ್ರೆ 5 ವರ್ಷ ಅಂತಲೇ ಅರ್ಥ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನ ಬಳಸದೇ ಹೋದ್ರೆ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ರೆ, ಹಕ್ಕು ವಾಪಸ್.

ಆದ್ರೆ ಕಾಗದವೇ ಇಲ್ಲದಿದ್ರೆ ಕಾನೂನು ಏನು ಮಾಡುತ್ತೆ? ಪರಿಚಯದವರು, ಗುರುಗಳು, ಒಂದೇ ಊರಿನವರು ಅಂತ ನಮ್ಮ ಕಡೆ ಕರಾರೇ ಮಾಡ್ಕೊಳ್ಳಲ್ಲ. ಸಂಬಂಧ ಕೆಡೋದು ಕಾಗದದಿಂದ ಅಲ್ಲ, ಕಾಗದ ಇಲ್ಲದೆ. ಹೊಸದಾಗಿ ಪುಸ್ತಕ ತರೋರು ನಾಲ್ಕೇ ಪ್ರಶ್ನೆ ಕೇಳಲಿ: ಎಷ್ಟು ಪ್ರತಿ ಅಚ್ಚಾಗುತ್ತೆ? ರಾಯಲ್ಟಿ ಶೇಕಡಾ ಎಷ್ಟು, ಯಾವಾಗ? ಎಷ್ಟು ವರ್ಷದ ಹಕ್ಕು? ಇ-ಪುಸ್ತಕ, ಆಡಿಯೋ, ಅನುವಾದದ ಹಕ್ಕು ಯಾರದ್ದು? ಇದಕ್ಕೆ ಉತ್ತರ ಬರೆದುಕೊಡೋ ಪ್ರಕಾಶಕರು ಚಿಕ್ಕವರಾದ್ರೂ ನಂಬಬಹುದು. ಮುಖ ಸಿಂಡರಿಸೋರು ಎಷ್ಟೇ ದೊಡ್ಡವರಾದ್ರೂ ಒಂದು ಸಲ ಯೋಚಿಸಿ.

ಓದುಗರ ಪಾಲು ಇನ್ನೂ ಸುಲಭ. ಊರಲ್ಲಿ ಪುಸ್ತಕ ಬಿಡುಗಡೆ ಆದ್ರೆ ಶಾಲು ಹೊದಿಸಿ ಫೋಟೋ ತೆಗೆಸ್ಕೊಂಡು ಬರಿಗೈಲಿ ಬರಬೇಡಿ, ಒಂದು ಪ್ರತಿ ದುಡ್ಡು ಕೊಟ್ಟು ತಗೊಳ್ಳಿ.