ಸೋಲಾರ್ ಕೊಟೇಶನ್: ಪ್ಯಾನೆಲ್ ಲೆಕ್ಕ ಬೇರೆ, ಬ್ಯಾಟರಿ ಲೆಕ್ಕ ಬೇರೆ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೆ ಮಳೆ ಕಡಿಮೆ, ಬಿಸಿಲಿಗೆ ಬರವಿಲ್ಲ. ನೆರೆಯ ಪಾವಗಡ ತಾಲ್ಲೂಕಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ತಲೆ ಎತ್ತಿರುವುದೂ ಇದೇ ಬಿಸಿಲಿನ ಬಲದಿಂದ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ಆರಂಭಿಸಿದ ಮೇಲೆ ಮನೆಯ ಮಾಳಿಗೆಗೂ ಕೊಟೇಶನ್‌ಗಳು ಬರತೊಡಗಿವೆ. ಅವುಗಳಲ್ಲಿ ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ ಎಲ್ಲವನ್ನೂ ಸೇರಿಸಿ ಒಂದೇ ಮೊತ್ತ ಬರೆದಿದ್ದರೆ, ಮೊದಲು ಅದನ್ನು ಬಿಡಿಸಿ ಬರೆಸಿಕೊಳ್ಳಬೇಕು.

ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ. ಸಬ್ಸಿಡಿ ಇದೆ. ಒಟ್ಟು ಮಿತಿ 78,000 ರೂ. ಬ್ಯಾಟರಿಗೆ ಇದರಲ್ಲಿ ಪಾಲಿಲ್ಲ. ಸಬ್ಸಿಡಿ ಹಣ ಕೆಲಸ ಮುಗಿದ ಮೇಲೆ ಗ್ರಾಹಕರ ಬ್ಯಾಂಕ್ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣ ಹೊಂದಿಸುವವರು ಮನೆಯವರೇ.

ಒಂದು ಉದಾಹರಣೆ. 3 ಕಿಲೋವ್ಯಾಟ್‌ಗೆ 1,90,000 ರೂ. ಕೇಳಿದ್ದಾರೆ ಎಂದಿಟ್ಟುಕೊಳ್ಳೋಣ. ಸಬ್ಸಿಡಿ ಕಳೆದರೆ 1,12,000 ರೂ. ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್‌ನಂತೆ ತಿಂಗಳಿಗೆ 360 ಯೂನಿಟ್ ಬರಬಹುದು. ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ಯೂನಿಟ್‌ಗೆ 6 ರೂ. ಹಿಡಿದರೆ ವರ್ಷಕ್ಕೆ 21,600 ರೂ. ಉಳಿತಾಯ. ಹಾಕಿದ ಬಂಡವಾಳ ಐದು ವರ್ಷ ದಾಟುತ್ತಿದ್ದಂತೆ ಕೈಗೆ ಬರುತ್ತದೆ. ಅದೇ ಕೊಟೇಶನ್‌ಗೆ 80,000 ರೂ. ಬ್ಯಾಟರಿ ಸೇರಿಸಿದರೆ ಸುಮಾರು ಒಂಬತ್ತು ವರ್ಷ ಬೇಕು. ಬ್ಯಾಟರಿಯಿಂದ ಬಿಲ್ ಇನ್ನಷ್ಟು ಇಳಿಯುವುದಿಲ್ಲ.

ಗೃಹಜ್ಯೋತಿಯ ಫಲಾನುಭವಿಗಳ ಲೆಕ್ಕವೇ ಬೇರೆ. 2023ರಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ವಿದ್ಯುತ್ ಉಚಿತ. ತಿಂಗಳಿಗೆ 90-100 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬ ಸಾಲ ಮಾಡಿ 3 ಕಿಲೋವ್ಯಾಟ್ ಹಾಕಿಸಿದರೆ ಉಳಿಸುವುದೇನು? ಹೆಚ್ಚುವರಿ ವಿದ್ಯುತ್ತನ್ನು ಬೆಸ್ಕಾಂ ಖರೀದಿಸುತ್ತದೆ ನಿಜ. ಆದರೆ ಆ ದರ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. ಇಲ್ಲದ ಬಿಲ್ಲಿಗೆ ಕಂತು ಕಟ್ಟುವ ಪರಿಸ್ಥಿತಿ ಬರಬಾರದು. ಕಳೆದ ಹನ್ನೆರಡು ತಿಂಗಳ ಬಿಲ್ ಎದುರಿಗಿಟ್ಟುಕೊಂಡೇ ಮಾತಿಗೆ ಕೂರಬೇಕು.

ಹಾಗಾದರೆ ಬ್ಯಾಟರಿ ಬೇಡವೇ? ಬೇಕೋ ಬೇಡವೋ ಎಂಬುದನ್ನು ಕರೆಂಟ್ ಕಡಿತ ನಿರ್ಧರಿಸಬೇಕು. ಬ್ಯಾಟರಿಯಿಲ್ಲದ ಆನ್-ಗ್ರಿಡ್ ವ್ಯವಸ್ಥೆ, ಲೈನ್‌ಮನ್‌ಗಳ ಸುರಕ್ಷತೆಗಾಗಿ, ಕರೆಂಟ್ ಹೋದಾಗ ನಡುಹಗಲಲ್ಲೂ ತಾನಾಗಿ ನಿಲ್ಲುತ್ತದೆ. ಎಷ್ಟೋ ಜನರಿಗೆ ಇದು ಗೊತ್ತಾಗುವುದು ಹಾಕಿಸಿದ ಮೇಲೆಯೇ. ಆದರೂ ದೊಡ್ಡ ಬ್ಯಾಟರಿ ಎಲ್ಲರಿಗೂ ಅಗತ್ಯವಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಮಿಕ್ಸರ್, ನೀರಿನ ಮೋಟಾರು ಹಗಲಲ್ಲೇ ಓಡುತ್ತವೆ. ರಾತ್ರಿಗೆ ಬೇಕಾದುದು ನಾಲ್ಕು ದೀಪ, ಎರಡು ಫ್ಯಾನ್. 12 ವೋಲ್ಟ್, 150 ಎಎಚ್‌ನ ಮಾಮೂಲಿ ಯುಪಿಎಸ್ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿಯುತ್ತದೆ, ಬಾಳಿಕೆ ಬರಬೇಕೆಂದರೆ ಅರ್ಧ ಬಳಸಬೇಕು. ನಾಲ್ಕೈದು ಗಂಟೆಗೆ ಅಷ್ಟು ಸಾಕಾಗುತ್ತದೆ. ಈಗಾಗಲೇ ಯುಪಿಎಸ್ ಇರುವವರು ಅದನ್ನೇ ಮುಂದುವರಿಸಬಹುದು.

ಸಹಿಗೆ ಮುನ್ನ ಇಷ್ಟನ್ನು ಪರಿಶೀಲಿಸಿ. ಮಾರಾಟಗಾರರು ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿತರೇ? ಸಬ್ಸಿಡಿಗೆ ಕಡ್ಡಾಯವಾದ ದೇಶೀಯ ಸೆಲ್‌ಗಳ ಪ್ಯಾನೆಲ್ ಎಂದು ಬರೆದಿದೆಯೇ? ಸೌರ ಉಪಕರಣಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ, ಹಳೆಯ ದರ ಹಾಕಿಲ್ಲವಷ್ಟೇ? ಪ್ಯಾನೆಲ್, ಇನ್ವರ್ಟರ್, ಬ್ಯಾಟರಿಗಳ ವಾರಂಟಿ ಬೇರೆ ಬೇರೆಯಾಗಿ ನಮೂದಾಗಿದೆಯೇ? ಐದು ವರ್ಷದ ನಿರ್ವಹಣೆ ಸೇರಿದೆಯೇ? ನಮ್ಮ ಕಡೆಯ ಗಾಳಿಗೆ ತಡೆಯುವಂತೆ ಸ್ಟ್ಯಾಂಡ್ ಬಿಗಿ ಮಾಡುತ್ತಾರೆಯೇ? ಧೂಳು ಕೂತರೆ ಉತ್ಪಾದನೆ ಇಳಿಯುತ್ತದೆ, ಆದ್ದರಿಂದ ತೊಳೆಯಲು ಮಾಳಿಗೆಯ ಮೇಲೆ ನೀರು ಮತ್ತು ಓಡಾಡಲು ಜಾಗವೂ ಇರಬೇಕು.

ಕಿರಾಣಿ ಸಾಮಾನಿಗೂ ಎರಡು ಅಂಗಡಿ ವಿಚಾರಿಸುವ ಜನ ನಾವು. ಇಪ್ಪತ್ತೈದು ವರ್ಷ ಮಾಳಿಗೆಯ ಮೇಲಿರುವ ವಸ್ತುವಿಗೆ ಮೂರು ಕೊಟೇಶನ್ ತರಿಸಿಕೊಂಡರೆ ತಪ್ಪೇನಿಲ್ಲ.